ಕೈ ಹಾಕುವ ಮೊದಲು ತೆಗೆದಿಟ್ಟ ತುಂಡು

ಅಪ್ಪನ ತಲೆ ಬಾಚುವ ಭಾಗ್ಯ ನನ್ನದಾಗಿರಲಿಲ್ಲ, ಪಿಸಿಲಾಳದಾಗಿತ್ತು. ಬೆಳಗಾದರೆ ಸಾಕು, ಅವಳು ಅವನ ಮಂಚದ ಮೇಲೆ ಕಾಲು ಮಡಿಸಿ ಕೂತು, ಅವನ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು, ತೆಂಗಿನೆಣ್ಣೆ ಹಚ್ಚಿ ಬಾಚಲು ಶುರುಮಾಡುತ್ತಿದ್ದಳು. “ಮಾವ, ಇರೋದೇ ನಾಕು ಕೂದಲು, ಅದರಲ್ಲೂ ಎರಡು ನನ್ ಮಾತು ಕೇಳಲ್ಲ” ಎಂದು ರೇಗಿಸುತ್ತಿದ್ದಳು. ಅಪ್ಪ ನಗುತ್ತಿದ್ದ. ಗಂಟಲಲ್ಲಿ ಗಡ್ಡೆ ಕಟ್ಟಿಕೊಂಡ ಮನುಷ್ಯನಿಗೆ ನಗುವುದು ಸುಲಭವಲ್ಲ, ಆದರೂ ಅವಳಿಗಾಗಿ ನಗುತ್ತಿದ್ದ. ನಾನು, ಅವನ ಹೊಟ್ಟೆಯಲ್ಲಿ ಹುಟ್ಟಿದ ಒಬ್ಬಳೇ ಮಗಳು, ಬಾಗಿಲ ಹೊರಗೆ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ.

ಟೋಂಗಾದ ಹಳೆಯ ಮನೆಗಳಲ್ಲಿ ಮಕ್ಕಳ ಪಾಲಿಗೆ ಅಪ್ಪ ಮಡಿ. ಅವನ ತಲೆ ಮುಟ್ಟುವಂತಿಲ್ಲ. ಅವನು ಕೈ ಹಾಕಿದ ತಟ್ಟೆಯಿಂದ ಒಂದು ಅಗುಳೂ ತಿನ್ನುವಂತಿಲ್ಲ. ತಪ್ಪಿದರೆ ಗಂಟಲು ಬಾತುಕೊಳ್ಳುತ್ತದೆ, ತುತ್ತು ಇಳಿಯುವುದಿಲ್ಲ ಎನ್ನುತ್ತಾರೆ. ಆದರೆ ಅಪ್ಪನ ಅಕ್ಕನ ಮಕ್ಕಳಿಗೆ ಈ ಕಟ್ಟು ಯಾವುದೂ ಇಲ್ಲ. ಅವರನ್ನು ಫಾಹು ಎನ್ನುತ್ತೇವೆ. ಫಾಹು ಸೋದರಮಾವನ ತಲೆಯ ಮೇಲೆ ಹತ್ತಿ ಕೂತರೂ ಸರಿ, ತಟ್ಟೆಯಿಂದ ಕಿತ್ತು ತಿಂದರೂ ಸರಿ, ಅವನ ಮನೆಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋದರೂ ಸರಿ. ಈಗೀಗ ಊರಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನೆಲ್ಲ ಬಿಟ್ಟಿದ್ದಾರೆ. ನಮ್ಮ ಮನೆಯಲ್ಲಿ ಬಿಟ್ಟಿರಲಿಲ್ಲ, ಯಾಕೆಂದರೆ ಅಪ್ಪನ ಅಕ್ಕ ಲೋಸೆ ಅತ್ತೆ ಬದುಕಿದ್ದರು. ಅವರ ಮಗಳೇ ಪಿಸಿಲಾ.

ನನ್ನ ವಾರಿಗೆಯವಳು. ಚಿಕ್ಕಂದಿನಿಂದ ನನ್ನ ಹೊಟ್ಟೆ ಉರಿಸಿದವಳು. ಭಾನುವಾರ ಚರ್ಚು ಮುಗಿದ ಮೇಲೆ ಲೋಸೆ ಅತ್ತೆಯ ಸಂಸಾರ ನಮ್ಮಲ್ಲಿಗೆ ಊಟಕ್ಕೆ ಬರುತ್ತಿತ್ತು. ನೆಲದೊಳಗಿನ ಒಲೆಯಿಂದ ಗೆಣಸು, ದೀವಿಹಲಸು, ಕೆಸುವಿನೆಲೆಯ ಪೊಟ್ಟಣ ಎಲ್ಲ ಹೊರಬಂದು ಚಾಪೆಯ ಮೇಲೆ ಸಾಲಾಗಿ ಕೂರುತ್ತಿದ್ದವು. ಪಿಸಿಲಾ ಸೀದಾ ಹೋಗಿ ಅಪ್ಪನ ಮಗ್ಗುಲಲ್ಲಿ ಕೂತು ಅವನ ತಟ್ಟೆಗೆ ಕೈ ಹಾಕುತ್ತಿದ್ದಳು. ಅವನು ಅರ್ಧ ತಿಂದಿಟ್ಟ ಗೆಣಸನ್ನು ಬಾಯಿಗೆ ತುರುಕಿಕೊಂಡು ನನ್ನ ಕಡೆ ನೋಡುತ್ತಿದ್ದಳು. ನಾನು ಅಡಿಗೆಮನೆಯ ಹೊಸಿಲ ಹತ್ತಿರ ನನ್ನ ಎಲೆಯಲ್ಲಿ ನನ್ನದನ್ನು ತಿನ್ನುತ್ತಿದ್ದೆ. ನನ್ನ ಎಲೆಯಲ್ಲಿ ಏನಿತ್ತು ಎಂದು ಆಗ ಯಾರು ಯೋಚಿಸುತ್ತಾರೆ? ಅವಳ ಎಂಜಲು ಬೆರಳುಗಳೇ ನನಗೆ ಕಾಣುತ್ತಿದ್ದವು.

ದೊಡ್ಡವರಾದ ಮೇಲೂ ಅಷ್ಟೇ. ಅಪ್ಪ ಚರ್ಚಿಗೆ ಹೋಗುವಾಗ ನಮ್ಮಲ್ಲಿಯ ವಾಡಿಕೆಯಂತೆ ಬಟ್ಟೆಯ ಮೇಲೆ ಸೊಂಟಕ್ಕೆ ಸುತ್ತಿಕೊಳ್ಳಲಿ ಎಂದು ನಾನೊಂದು ನವಿರಾದ ಚಾಪೆ ಹೆಣೆದಿದ್ದೆ. ಕೇದಗೆಯ ಗರಿಯನ್ನು ಕಡಲಲ್ಲಿ ನೆನೆಹಾಕಿ, ಬಿಸಿಲಿಗೆ ಬಿಳಿ ಮಾಡಿ, ದಾರದಷ್ಟು ಸಣ್ಣಗೆ ಸೀಳಿ, ಕಣ್ಣು ಕಿತ್ತು ಹೋಗುವ ಹಾಗೆ ಕೂತು ಹೆಣೆದದ್ದು. ಅಪ್ಪ ಒಂದೇ ಒಂದು ಭಾನುವಾರ ಉಟ್ಟ. ಪಿಸಿಲಾ ಬಂದಳು, ನೋಡಿದಳು, “ಮಾವ, ನಮ್ಮತ್ತಿಗೆ ಮದ್ವೆಗೆ ಕೊಡೋಕೆ ಇದು ಸರಿ ಆಗತ್ತೆ” ಎಂದಳು. ಅಪ್ಪ ಅಲ್ಲೇ ನಿಂತು ಸೊಂಟದಿಂದ ಬಿಚ್ಚಿ ಕೊಟ್ಟುಬಿಟ್ಟ. ಆಮೇಲೆ ನನ್ನ ಮುಖವನ್ನು ನೋಡಲೂ ಇಲ್ಲ, ಬೆನ್ನು ತಿರುಗಿಸಿ ಕಡಲ ಕಡೆ ಹೋದ. ಅವಳಿಗೆ ಇಲ್ಲವೆನ್ನಲು ಅವನಿಗೆ ನಾಲಿಗೆಯೇ ಹೊರಳುತ್ತಿರಲಿಲ್ಲ.

ಅಪ್ಪ ನನ್ನ ಜೊತೆ ಹೆಚ್ಚು ಮಾತಾಡಿದವನೇ ಅಲ್ಲ. ನಾನು ಸಣ್ಣವಳಿದ್ದಾಗಲೇ ಅಮ್ಮ ತೀರಿಕೊಂಡಳು. ಆಮೇಲೆ ನನ್ನ ತಲೆ ಬಾಚುತ್ತಿದ್ದವನು ಅವನೇ. ಮಗಳು ಅಪ್ಪನ ತಲೆ ಮುಟ್ಟಬಾರದು, ಅಪ್ಪ ಮಗಳ ತಲೆ ಮುಟ್ಟಬಹುದು. ಬಲೆ ಹೆಣೆಯುವ ಬೆರಳಲ್ಲಿ ಜಡೆ ಹೆಣೆಯುತ್ತಿದ್ದ, ಕೂದಲು ಎಳೆದು ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಾಗಿ. ನನ್ನ ಜಡೆ ಊರಿನ ಎಲ್ಲ ಹುಡುಗಿಯರ ಜಡೆಗಿಂತ ಗಟ್ಟಿ, ಸಂಜೆಯಾದರೂ ಒಂದೆಳೆ ಬಿಚ್ಚುತ್ತಿರಲಿಲ್ಲ. ಮುಂದೆ ಗಂಡನ ಜೊತೆ ಬಾಳಲಾಗದೆ ಗಂಟು ಕಟ್ಟಿಕೊಂಡು ನಾನು ವಾಪಸು ಬಂದಾಗಲೂ ಅವನು ಒಂದು ಮಾತು ಕೇಳಲಿಲ್ಲ. “ಊಟ ಮಾಡು” ಅಂದ, ಅಷ್ಟೇ.

ಹೀಗಿದ್ದ ಅಪ್ಪನಿಗೆ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಮೊದಲು ಗೆಣಸು, ಆಮೇಲೆ ಮೀನು, ಆಮೇಲೆ ನೀರು ಕೂಡ. ದೊಡ್ಡಾಸ್ಪತ್ರೆಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಗಡ್ಡೆ ಬಹಳ ಬೆಳೆದಿದೆ, ಕೊಯ್ಯುವ ಹಂತ ದಾಟಿದೆ ಎಂದರು. ಮನೆಗೆ ಕರೆದುಕೊಂಡು ಹೋಗಿ, ಏನು ಕೇಳುತ್ತಾರೋ ಅದನ್ನು ಕೊಡಿ ಎಂದರು. ಏನು ಕೇಳುತ್ತಾರೋ ಅದು! ಜನ್ಮದಲ್ಲಿ ಒಂದನ್ನೂ ಕೇಳದ ಮನುಷ್ಯನಿಗೆ ಏನು ಕೊಡುವುದು ಎಂದು ನಾನು ಬಸ್ಸಿನಲ್ಲಿ ಅವನ ಪಕ್ಕ ಕೂತು ದಾರಿಯುದ್ದಕ್ಕೂ ಯೋಚಿಸಿದೆ. ಅವನು ಹೋಗುವ ಮೊದಲು ಅವನಿಗೂ ನನಗೂ ನಡುವೆ ಏನಾದರೂ ಒಂದು ಇರಬೇಕು, ಪಿಸಿಲಾಳಿಗೆ ಪಾಲಿಲ್ಲದ್ದು, ಅವಳು ಎತ್ತಿಕೊಂಡು ಹೋಗಲಾಗದ್ದು. ನನಗೆ ಬೇಕಿದ್ದದ್ದು ಅದೊಂದೇ.

ಮನೆ ತಲುಪಿದರೆ ಪಿಸಿಲಾ ಬಟ್ಟೆಗಂಟಿನ ಸಮೇತ ಜಗಲಿಯ ಮೇಲೆ ಕೂತಿದ್ದಳು. ಜೊತೆಗೆ ಲೋಸೆ ಅತ್ತೆ.

“ಮಾವನ್ನ ನೋಡ್ಕೊಳ್ಳೋಕೆ ಬಂದೆ” ಎಂದಳು.

“ನಾನಿದೀನಲ್ಲ” ಎಂದೆ.

ಲೋಸೆ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನಿದೀಯ ತಾಯಿ, ಯಾರು ಇಲ್ಲ ಅಂದ್ರು? ಬಾಯಿ ಒರೆಸೋಳು ಯಾರು? ಗಡ್ಡ ಹೆರೆಯೋಳು ಯಾರು? ತಲೆ ಎತ್ತಿ ನೀರು ಕುಡಿಸೋಳು ಯಾರು? ನೀನು ಒಲೆ ನೋಡ್ಕೋ.”

ಒಲೆ ನೋಡಿಕೊಂಡೆ. ಬಟ್ಟೆ ಒಗೆದೆ, ಬೋಗುಣಿ ತೊಳೆದೆ, ಮೀನಿನ ಸಾರು ಕುದಿಸಿದೆ. ನಾನು ಮಾಡಿದ ಸಾರನ್ನು ಬಾಗಿಲವರೆಗೆ ಒಯ್ಯುತ್ತಿದ್ದೆ, ಅಲ್ಲಿಂದ ಮುಂದೆ ಪಿಸಿಲಾ. ಅವಳು ಚಮಚ ಹಿಡಿದು ಕುಡಿಸುತ್ತಿದ್ದಳು. ಅಪ್ಪ ಒಂದೆರಡು ಗುಟುಕಿಗೆ ಮುಖ ತಿರುಗಿಸುತ್ತಿದ್ದ. ಉಳಿದದ್ದನ್ನು ಅವಳು ಅದೇ ಚಮಚದಲ್ಲಿ, ಅವನ ಕಣ್ಣೆದುರೇ, ಸೊರ ಸೊರ ಎಂದು ಕುಡಿದು ಮುಗಿಸುತ್ತಿದ್ದಳು. “ಸಪ್ಪೆ ಕಣೇ ವಿಕಾ, ಒಂಚೂರು ರುಚಿ ಇಲ್ಲ” ಎಂದು ಬೇರೆ ಹೇಳುತ್ತಿದ್ದಳು. ಮೈಯೆಲ್ಲ ಉರಿದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಚರ್ಚಿನ ಹಾಡಿನ ತಾಲೀಮಿಗೆ ಹೋದಳು. ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅವನು ನಿದ್ದೆ ಹೋಗಿದ್ದ. ಬೆವರಿಗೆ ಕೂದಲು ಹಣೆಗೆ ಅಂಟಿಕೊಂಡಿತ್ತು. ಕಿಟಕಿಯಿಂದ ಬಿಸಿಲು ಸೀದಾ ಮುಖಕ್ಕೆ ಬೀಳುತ್ತಿತ್ತು. ನಾನು ಪರದೆ ಎಳೆಯಲು ಒಳಗೆ ಹೋದವಳು ಮಂಚದ ಪಕ್ಕ ನಿಂತುಬಿಟ್ಟೆ. ಆ ಕೂದಲನ್ನು ಹಿಂದೆ ಸರಿಸಬೇಕು, ಅಷ್ಟೇ. ಅಷ್ಟು ವರ್ಷ ನನ್ನ ತಲೆ ಬಾಚಿದ ಅಪ್ಪನ ಹಣೆಯ ಮೇಲಿನ ಒಂದು ಹಿಡಿ ಕೂದಲು. ಗಂಟಲು ಬಾತುಕೊಂಡರೆ ಬಾತುಕೊಳ್ಳಲಿ ಎಂದುಕೊಂಡು ಕೈ ಚಾಚಿದೆ.

ಬೆರಳು ಇನ್ನೂ ತಾಗಿರಲಿಲ್ಲ, ಅಪ್ಪ ಕಣ್ಣು ಬಿಟ್ಟ. ನನ್ನ ಕೈ ನೋಡಿದ. ತಲೆಯನ್ನು ಸರಕ್ಕನೆ ಗೋಡೆಯ ಕಡೆಗೆ ಎಳೆದುಕೊಂಡ. ಅಷ್ಟು ಮಾಡಲಿಕ್ಕೇ ಅವನಿಗೆ ಉಸಿರು ಕಟ್ಟಿ ಬಂತು.

“ಬೇಡ” ಎಂದ. “ಪಿಸಿಲಾನ ಕರಿ.”

ನಾನು ಹೊರಗೆ ಬಂದು ತೆಂಗಿನ ಸಿಪ್ಪೆಯ ರಾಶಿಗೆ ಕಾಲಲ್ಲಿ ಒದ್ದೆ. ಸಾಯುವ ಹೊತ್ತಲ್ಲೂ ಪಿಸಿಲಾ. ನನ್ನ ಕೈಯೇನು ಕುಷ್ಠ ಹಿಡಿದ ಕೈಯೇ? ಅವಳು ತಾಲೀಮಿನಿಂದ ಹಾಡು ಗುನುಗುತ್ತ ಬಂದಾಗ ನಾನು ಅವಳ ಮುಖ ನೋಡಲಿಲ್ಲ. ಅವಳು ಒಳಗೆ ಹೋಗಿ ಅಪ್ಪನ ಜೊತೆ ಏನೋ ಪಿಸುಪಿಸು ಮಾತಾಡಿದಳು. ಆಮೇಲೆ ನನ್ನ ಹತ್ತಿರ ಬಂದು, ಗದ್ದ ಹಿಡಿದೆತ್ತಿ, ನನ್ನ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

“ಗಂಟಲು ನೋಯ್ತಿದ್ಯೇನೇ?”

ಕೈ ಕೊಡವಿದೆ. “ನಿಂಗ್ಯಾಕೆ ಅದೆಲ್ಲ?”

“ಕೇಳ್ದೆ ಅಷ್ಟೇ.”

ಮರುದಿನವೂ ಕೇಳಿದಳು, ಅದರ ಮರುದಿನವೂ. ಊಟಕ್ಕೆ ಕೂತರೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನಾನು ಕದ್ದು ಮುಟ್ಟಲು ಹೋದದ್ದನ್ನು ಅಪ್ಪ ಹೇಳಿದ್ದಾನೆ, ಇವಳು ಅದನ್ನೇ ಹಿಡಿದು ಚುಚ್ಚುತ್ತಿದ್ದಾಳೆ ಎಂದು ನನಗೆ ಅನುಮಾನವೇ ಇರಲಿಲ್ಲ. ಅವತ್ತಿಂದ ಅವಳ ಜೊತೆ ಮಾತು ಬಿಟ್ಟೆ.

ಅಪ್ಪ ದಿನದಿಂದ ದಿನಕ್ಕೆ ಕುಗ್ಗಿದ. ಸಾರಿನ ಬಟ್ಟಲು ಹೋದ ಹಾಗೇ ವಾಪಸು ಬರತೊಡಗಿತು. ಕೋಳಿಯ ಸಾರು ಮಾಡಿದೆ, ಎಳನೀರಿಟ್ಟೆ, ಮಾಗಿದ ಬಾಳೆಹಣ್ಣನ್ನು ತೆಂಗಿನ ಹಾಲಲ್ಲಿ ಕದಡಿ ಕೊಟ್ಟೆ. ಯಾವುದಕ್ಕೂ ಬಾಯಿ ತೆರೆಯಲಿಲ್ಲ.

ಆ ಶನಿವಾರ ಪಕ್ಕದ ಮನೆಯವನು ಬೆಳಗಿನ ಬಲೆಗೆ ಬಿದ್ದ ಕನಾಹೆ ಮೀನು ತಂದುಕೊಟ್ಟ. ಕನಾಹೆ ಎಂದರೆ ಹಿನ್ನೀರಿಗೆ ಬಂದು ಕೊಬ್ಬುವ ಮೀನು, ಊರಿಗೆ ಊರೇ ಬಾಯಿ ಬಿಡುವಂಥದ್ದು. ನಾನು ಅಡಿಗೆಮನೆಯ ಹಿಂದೆ ಮರದ ದಿಮ್ಮಿಯ ಮೇಲಿಟ್ಟು ಹೆರೆದೆ. ಬೆನ್ನಿನ ಕಡೆಯ ಬಿಳಿ ಮಾಂಸವನ್ನು ಅಪ್ಪನ ಸಾರಿನ ಪಾತ್ರೆಗೆ ಹಾಕಿದೆ. ಹೊಟ್ಟೆಯ ಕಡೆಯ ತುಂಡನ್ನು, ಕೊಬ್ಬು ಪದರ ಪದರವಾಗಿ ಕೂತ ಆ ತುಂಡನ್ನು, ಬೇರೆ ಎಲೆಯಲ್ಲಿ ಸುತ್ತಿ ಕೆಂಡದ ಪಕ್ಕ ಇಟ್ಟೆ.

ಪಿಸಿಲಾ ಬೋಗುಣಿ ತೊಳೆಯಲು ಬಂದವಳು ನಿಂತಳು.

“ಅದನ್ಯಾಕೆ ಬೇರೆ ತೆಗೆದೆ?”

ಮಾತು ಬಿಟ್ಟಿದ್ದೆ, ಆದರೂ ಬಾಯಿ ಸುಮ್ಮನಿರಲಿಲ್ಲ. “ಅದು ನಂದು. ಅದಕ್ಕೂ ಕೈ ಹಾಕ್ಬೇಡ.”

“ಮಾವಂಗೆ ಹಾಕೋದು ಬಿಟ್ಟು?”

“ಅಪ್ಪಂಗೆ ಹೊಟ್ಟೆ ಭಾಗ ಸೇರಲ್ಲ. ಜಿಡ್ಡು ಆಗಲ್ಲ ಅವ್ನಿಗೆ. ಹುಟ್ಟಿದಾಗಿಂದ ನೋಡ್ತಿದೀನಿ. ಅವ್ನು ಊಟ ಶುರು ಮಾಡೋ ಮೊದ್ಲೇ ಅದನ್ನ ಕಿತ್ತು ಆಚೆ ಇಟ್ಬಿಡ್ತಾನೆ. ನಾನೇ ತಿನ್ನೋದು.”

ಪಿಸಿಲಾ ಬೋಗುಣಿಯನ್ನು ಕೆಳಗಿಟ್ಟಳು. ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ.

“ಹಾಗಿದ್ರೆ ಇಷ್ಟು ದಿನದ ಸಾರಲ್ಲೂ ನೀನು ಹೊಟ್ಟೆ ಭಾಗ ಹಾಕೇ ಇಲ್ಲ?”

“ಸೇರದ್ದನ್ನ ಯಾಕೆ ಹಾಕ್ಲಿ?”

“ನೀನು ಪೆದ್ದೀನೋ, ಪೆದ್ದಿ ತರ ಆಡ್ತೀಯೋ?” ಎಂದಳು. “ಮಾವ ನಮ್ಮನೆಗೆ ಬಂದಾಗ ಏನ್ ತಿಂತಾನೆ ಗೊತ್ತಾ ನಿಂಗೆ? ಬರೀ ಹೊಟ್ಟೆ ಭಾಗ. ಬೆರಳು ನೆಕ್ಕಿ ನೆಕ್ಕಿ ತಿಂತಾನೆ. ನಮ್ಮಮ್ಮನ ಹತ್ರ ಇನ್ನೊಂದು ತುಂಡು ಇದ್ಯಾ ಅಂತ ಕೇಳಿ ಇಸ್ಕೋತಾನೆ. ಚಿಕ್ಕೋನಿದ್ದಾಗ ಅದಕ್ಕೋಸ್ಕರ ನಮ್ಮಮ್ಮನ ಜೊತೆ ಕಿತ್ತಾಡ್ತಿದ್ನಂತೆ.”

ಅಪ್ಪ ಕೇಳಿ ಇಸ್ಕೋತಾನೆ. ಆ ಮಾತೇ ನನಗೆ ಹೊಸದು.

“ಸುಳ್ಳು” ಎಂದೆ.

“ಅವ್ನು ಕೈ ಹಾಕಿದ್ಮೇಲೆ ಅದನ್ನ ನೀನು ತಿನ್ನೋ ಹಾಗಿದ್ಯೇನೇ?” ಅವಳ ಧ್ವನಿ ಏರಿತು. “ಅವನ ತಟ್ಟೆಲಿ ಮಿಕ್ಕಿದ್ದು ಯಾರಿಗೆ? ನಂಗೆ. ನಿಂಗೆ ಸಿಗ್ಬೇಕು ಅಂದ್ರೆ ಅವ್ನು ಬಾಯಿಗಿಡೋ ಮೊದ್ಲೇ ಎತ್ತಿಡ್ಬೇಕು. ಎತ್ತಿಡ್ತಿದ್ದ. ಪ್ರತಿ ಸಲ. ನನ್ ಕಣ್ಣೆದುರೇ. ನಾನು ಅವನ ಮಗ್ಗುಲಲ್ಲೇ ಕೂತಿರ್ತಿದ್ದೆ, ಬಾಯಲ್ಲಿ ನೀರು ಸುರಿಸ್ಕೊಂಡು. ಒಂದ್ಸಲ ಅದಕ್ಕೆ ಕೈ ಚಾಚಿದೆ. ಬೇರೆ ಏನು ಬೇಕಾದ್ರೂ ತಗೋ ಮಗಾ, ಅದು ವಿಕಾಂದು ಅಂದ. ಮನೆ ಕೇಳಿದ್ರೂ ಬರೆದುಕೊಡ್ತಿದ್ದ ಮನುಷ್ಯ, ಒಂದು ಮೀನಿನ ತುಂಡಿಗೆ ಇಲ್ಲ ಅಂದ.”

ಗಂಡನನ್ನು ಬಿಟ್ಟು ಬಂದ ರಾತ್ರಿ “ಊಟ ಮಾಡು” ಎಂದು ಅವನು ತಳ್ಳಿದ ಎಲೆ ನೆನಪಿಗೆ ಬಂತು. ಅದರಲ್ಲಿ ಇದ್ದದ್ದೂ ಇದೇ.

“ಎಂಜಲು ತಿಂದು ಬೆಳೆದೋಳು ನಾನು” ಎಂದಳು ಪಿಸಿಲಾ. “ಮುಳ್ಳು, ಬಾಲ, ಅರ್ಧ ಕಚ್ಚಿದ ಗೆಣಸು. ಫಾಹು ಅಂತ ಎಲ್ಲರೂ ನಂಗೆ ದಾರಿ ಬಿಡ್ತಿದ್ರು. ನಿನ್ನ ಚಾಪೆ ಯಾಕೆ ಎತ್ಕೊಂಡು ಹೋದೆ ಅನ್ಕೊಂಡಿದೀಯ? ನಮ್ಮತ್ತಿಗೆ ಮದ್ವೆಗೆ ಚಾಪೆಗೇನು ಬರ ಇತ್ತಾ? ಹೊಟ್ಟೆಕಿಚ್ಚು ಕಣೇ. ನಿನ್ ಮುಖ ನೋಡಿದ್ರೆ ಏನಾದ್ರೂ ಕಿತ್ಕೋಬೇಕು ಅನ್ಸೋದು.”

“ನೀನು ಅವನ ತಲೆ ಮುಟ್ತೀಯ” ಎಂದೆ. “ನಾನು ಹೋದ್ರೆ ಗೋಡೆ ಕಡೆ ತಿರುಗ್ತಾನೆ. ನಿನ್ನ ಕರಿ ಅಂತಾನೆ.”

“ಕರೆದದ್ದು ಯಾಕೆ ಗೊತ್ತಾ? ವಿಕಾ ಕೈ ತಾಗ್ತೋ ಇಲ್ವೋ ಗೊತ್ತಾಗ್ಲಿಲ್ಲ, ಅವಳ ಗಂಟಲು ನೋಡು, ಊದಿದ್ಯಾ ನೋಡು ಅಂತ. ದಿನಾ ಅದೇ ಪಾಠ. ತುತ್ತು ಇಳೀತಿದ್ಯಾ ನೋಡು, ನೀರು ಇಳೀತಿದ್ಯಾ ನೋಡು. ಈ ಕಷ್ಟ ಅವಳಿಗೆ ಬರ್ಬಾರ್ದು ಪಿಸಿಲಾ ಅಂತ ಅಳ್ತಾನೆ. ತಾನು ಸಾಯ್ತಿದೀನಿ ಅನ್ನೋದಕ್ಕೆ ಅತ್ತದ್ದು ನಾನು ನೋಡಿಲ್ಲ. ನಿನ್ನ ಗಂಟಲಿಗೆ ಅಳ್ತಾನೆ.”

ಅವಳು ಬೋಗುಣಿ ಎತ್ತಿಕೊಂಡು ನಲ್ಲಿಯ ಕಡೆ ಹೋದಳು. ನಾನು ಕೆಂಡದ ಪಕ್ಕದಿಂದ ಎಲೆಯನ್ನು ಎಳೆದು ಬಿಚ್ಚಿದೆ. ತುಂಡು ಇನ್ನೂ ಬೆಚ್ಚಗಾಗಿತ್ತು ಅಷ್ಟೆ. ಸಾರಿನಿಂದ ಬೆನ್ನಿನ ಮಾಂಸವನ್ನು ತೆಗೆದು ಬಿಸಾಡಿ ಆ ತುಂಡನ್ನು ಹಾಕಿದೆ. ಕೊಬ್ಬು ಕರಗಿ ಸಾರಿನ ಮೇಲೆ ತೇಲತೊಡಗಿತು. ಇಷ್ಟು ದಿನ ಅವನು ಒಳಗೆ ಹಸಿದು ಮಲಗಿದ್ದಾಗ, ನಾನು ಹೊರಗೆ ಕೂತು ಅವನಿಗೆ ಇಷ್ಟವಾದದ್ದನ್ನು ಬೆರಳು ನೆಕ್ಕಿಕೊಂಡು ತಿಂದಿದ್ದೆ. ಒಲೆಯ ಹೊಗೆ ಎಂದುಕೊಂಡು ಕಣ್ಣು ಒರೆಸಿಕೊಂಡೆ, ಅದು ಹೊಗೆಯಲ್ಲ.

ತುಂಡು ಮೆತ್ತಗಾದ ಮೇಲೆ ತೆಂಗಿನ ಹಾಲು ಬೆರೆಸಿ ಬಟ್ಟಲಿಗೆ ಬಗ್ಗಿಸಿದೆ. ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ, ಪಿಸಿಲಾಳ ಹಿಂದೆಯೇ ಒಳಗೆ ಹೋಗಿ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತೆ. ಲೋಸೆ ಅತ್ತೆ ಮೂಲೆಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದರು, ನನ್ನನ್ನು ನೋಡಿ ಮತ್ತೆ ಬೀಸತೊಡಗಿದರು.

ವಾಸನೆ ಮೂಗಿಗೆ ಬಡಿದದ್ದೇ ಅಪ್ಪ ಕಣ್ಣು ಬಿಟ್ಟ. ಬಟ್ಟಲನ್ನು ನೋಡಿದ. ಎಷ್ಟೋ ದಿನದ ಮೇಲೆ ಅವನ ತುಟಿ ತಾನಾಗಿ ಅಲುಗಿತು. ಪಿಸಿಲಾ ಅವನ ತಲೆಯನ್ನು ತೋಳಿಗೆ ಒರಗಿಸಿಕೊಂಡು ಚಮಚ ತುಂಬಿ ಬಾಯಿಯ ಹತ್ತಿರ ತಂದಳು.

ಅಪ್ಪ ಬಾಯಿ ಮುಚ್ಚಿದ.

“ಯಾಕೆ ಮಾವ? ಕನಾಹೆ. ಹೊಟ್ಟೆ ಭಾಗ.”

ಅವನು ಕೈ ಎತ್ತಿದ. ಚಮಚವನ್ನು ಮೆಲ್ಲಗೆ ಆಚೆ ತಳ್ಳಿದ. “ವಿಕಾಗೆ ತೆಗೆದಿಟ್ಯಾ?”

“ಅವಳಿಗೆ ಬೇಡ್ವಂತೆ. ಇದೆಲ್ಲ ನಿಂಗೆ.”

“ಬಾಯಿಗೆ ಇಡೋ ಮೊದ್ಲು ತೆಗಿ” ಎಂದ. ಅಷ್ಟು ಹೇಳಿ ದಣಿದು ಕಣ್ಣು ಮುಚ್ಚಿದ. ತುಟಿ ಮಾತ್ರ ಬಿಗಿಯಾಗಿಯೇ ಇತ್ತು.

“ನಂಗೆ ಬೇಡಪ್ಪ, ನೀನು ತಿನ್ನು” ಎಂದೆ. ಅವನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಪಿಸಿಲಾ ನನ್ನ ಕಡೆ ನೋಡಿದಳು, ಹಲ್ಲು ಕಚ್ಚಿಕೊಂಡಳು. ಆಮೇಲೆ ತುಂಡಿನ ಅರ್ಧವನ್ನು ಮುರಿದು ಎಲೆಯ ಮೇಲಿಟ್ಟು ನನ್ನ ಕಡೆಗೆ ತಳ್ಳಿದಳು. ಎಲೆ ನೆಲದ ಮೇಲೆ ಸರಿದ ಸದ್ದಿಗೆ ಅಪ್ಪ ಕಣ್ಣು ಬಿಟ್ಟ.

ಆಗ ಬಾಯಿ ತೆರೆದ. ಮೊದಲ ಚಮಚದಲ್ಲಿ ಅರ್ಧ ಒಳಗೆ ಹೋಯಿತು, ಅರ್ಧ ಗದ್ದದ ಮೇಲೆ ಇಳಿಯಿತು. ಪಿಸಿಲಾ ಒರೆಸಿದಳು. ಇನ್ನೊಂದು ಚಮಚ ಇಳಿಯಿತು. ಮೂರನೆಯದಕ್ಕೆ ಅವನು ತಡಿ ಎಂಬಂತೆ ಬೆರಳೆತ್ತಿ ನನ್ನನ್ನೇ ನೋಡಿದ. ನಾನು ತಿನ್ನುವುದನ್ನು ಕಾಯುತ್ತಿದ್ದ.

ತುಂಡನ್ನು ಬಾಯಿಗೆ ಹಾಕಿಕೊಂಡೆ. ಗಂಟಲು ಕಟ್ಟಿಕೊಂಡಿತ್ತು, ಆದರೆ ಅವನು ನನ್ನ ಗಂಟಲನ್ನೇ ನೋಡುತ್ತಿದ್ದಾನೆ ಎಂದು ಗೊತ್ತಿತ್ತು. ಸಿಕ್ಕಿಕೊಂಡ ಹಾಗೆ ಕಂಡರೆ ಅವನು ಹೆದರಿಹೋಗುತ್ತಾನೆ. ಬಲವಂತ ಮಾಡಿ ನುಂಗಿದೆ, ಬಾಯಿ ತೆರೆದು ತೋರಿಸಿದೆ. ಅಪ್ಪ ಉಸಿರು ಬಿಟ್ಟು ತಲೆಯನ್ನು ಪಿಸಿಲಾಳ ತೋಳಿಗೆ ಆನಿಸಿದ. ಅವಳು ಅವನ ಕೂದಲನ್ನು ಹಣೆಯಿಂದ ಹಿಂದಕ್ಕೆ ಸವರಿದಳು. ಸವರಲಿ ಎಂದುಕೊಂಡೆ.

ಬಟ್ಟಲಲ್ಲಿ ಉಳಿದ ಸಾರನ್ನು ಅವಳು ಎಂದಿನಂತೆ ಕುಡಿದಳು. ಕುಡಿದು ಮುಗಿಸಿ ನನ್ನ ಎಲೆಯ ಕಡೆ ನೋಡಿದಳು. ಅದರಲ್ಲಿ ಇನ್ನೂ ಒಂದು ಚೂರು ಇತ್ತು, ಕೊಬ್ಬಿನ ಚೂರು. ಅವಳು ಕೇಳಲಿಲ್ಲ. ಕೊಡಬಹುದಿತ್ತು. ನಾನು ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡು ಅದನ್ನೂ ತಿಂದೆ.